ಬಿಟಿ ಬದನೆ ವಿವಾದ
ಬಿಟಿ ಬದನೆಯು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಕುಲಾಂತರಿ ತಳಿ. ಈ ವಂಶವಾಹಿಯಿಂದ ಗಿಡದಲ್ಲಿ ಉತ್ಪತ್ತಿಯಾಗುವ ಪ್ರೋಟೀನು ಕುಡಿ ಮತ್ತು ಕಾಯಿ ಕೊರೆಯುವ ಹುಳುವಿನ ಕರುಳನ್ನು ಹಾಳುಮಾಡಿ ಅದನ್ನು ಕೊಲ್ಲುತ್ತದೆ. ಮಹಿಕೊ ಕಂಪನಿಯ ಸಹಯೋಗದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಉಡುಪಿ ಗುಳ್ಳ, ಮಲಾಪುರ ಲೋಕಲ್ ಮೊದಲಾದ ನಾಡತಳಿಗಳಿಗೂ ಈ ವಂಶವಾಹಿಯನ್ನು ಅಳವಡಿಸಿತು.

ಕೀಟನಾಶಕದ ಸಿಂಪಡಣೆ ತಗ್ಗುತ್ತದೆ ಎಂಬುದು ಬೆಂಬಲಿಗರ ವಾದ. ದೀರ್ಘಕಾಲದ ಆರೋಗ್ಯ ಪರೀಕ್ಷೆ ಸಾಲದು, ಪರಾಗದ ಮೂಲಕ ನಾಡತಳಿಗಳು ಬೆರಕೆಯಾಗುತ್ತವೆ, ಬೀಜದ ಹಿಡಿತ ಕಂಪನಿಗಳ ಕೈಸೇರುತ್ತದೆ ಎಂಬುದು ವಿರೋಧಿಗಳ ಆತಂಕ. 2009ರ ಅಕ್ಟೋಬರಿನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಹಸಿರು ನಿಶಾನೆ ತೋರಿತು. ಬೆಂಗಳೂರೂ ಸೇರಿದಂತೆ ಹಲವೆಡೆ ಸಾರ್ವಜನಿಕ ಅಹವಾಲು ಆಲಿಸಿದ ಅಂದಿನ ಪರಿಸರ ಸಚಿವ ಜೈರಾಂ ರಮೇಶ್, 2010ರ ಫೆಬ್ರುವರಿ 9ರಂದು ಇದರ ವಾಣಿಜ್ಯ ಬೇಸಾಯಕ್ಕೆ ತಡೆ ಪ್ರಕಟಿಸಿದರು. ಆದರೆ ಬಾಂಗ್ಲಾದೇಶ 2013ರಲ್ಲಿ ಅನುಮತಿ ನೀಡಿತು. ಉಣ್ಣುವವರ ಮತ್ತು ಬೆಳೆಯುವವರ ಮಾತನ್ನು ಕೇಳಿಯೇ ಆಹಾರದ ತೀರ್ಮಾನವಾಗಬೇಕು ಎಂಬುದು ಈ ವಿವಾದ ಕಲಿಸಿದ ದೊಡ್ಡ ಪಾಠ.