ವಾದವೆಂಬ ಉದ್ದೀಪನ: ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿ ಮತ್ತು ಅಭಿಮಾನಿಯ ಭಾವಪರಿಣಾಮ

ವರ್ಷಗಟ್ಟಲೆ ನಡೆಯುವ ದೂರದರ್ಶನದ ಧಾರಾವಾಹಿಯೊಂದನ್ನು ಬಿಡದೆ ನೋಡಿದ ಅಭಿಮಾನಿಯ ಹೃದಯದಲ್ಲಿ ಅದರ ನಾಯಕ ನಾಯಿಕೆಯರ ಪ್ರಣಯವನ್ನು ಕುರಿತು ಹುಟ್ಟುವ ಆಸ್ಥೆಯು ಕ್ರಮೇಣ ನಿರೀಕ್ಷೆಯಾಗಿ, ನಿರೀಕ್ಷೆಯು ಅಸಹನೆಯಾಗಿ, ಅಸಹನೆಯು ಖೇದವಾಗಿ ಮಾರ್ಪಡುವುದನ್ನು ವಿಮರ್ಶಕರು ಸಾಮಾನ್ಯವಾಗಿ ಒಂದೇ ಸೂತ್ರದಿಂದ ವಿವರಿಸಿಬಿಡುವರು: ಪ್ರೇಮಿಗಳು ಒಂದುಗೂಡಿದೊಡನೆ ಕುತೂಹಲ ತೀರಿತು, ಕುತೂಹಲ ತೀರಿದೊಡನೆ ಕಥೆಯ ಮೇಲಣ ಪ್ರೀತಿಯೂ ತೀರಿತು ಎಂದು. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1985ರಿಂದ 1989ರವರೆಗೆ ನಡೆದ ‘ಮೂನ್‌ಲೈಟಿಂಗ್’ ಧಾರಾವಾಹಿಯು 1987ರಲ್ಲಿ ತನ್ನ ಜೋಡಿಯನ್ನು ಕೂಡಿಸಿದ ಮೇಲೆ ಕಳೆಗುಂದಿತೆಂಬುದು ಈ ಸೂತ್ರಕ್ಕೆ ನಿತ್ಯಪ್ರಮಾಣವಾಗಿದೆ. ಆದರೆ ಆ ಬಳಿಕ ನಟಿ ಸಿಬಿಲ್ ಶೆಫರ್ಡ್ ಗರ್ಭಿಣಿಯಾದುದರಿಂದಲೂ, ಬ್ರೂಸ್ ವಿಲ್ಲಿಸ್ ಚಲನಚಿತ್ರಗಳತ್ತ ಹೊರಳಿದುದರಿಂದಲೂ, 1988ರಲ್ಲಿ ಲೇಖಕರ ಮುಷ್ಕರ ಒದಗಿದುದರಿಂದಲೂ, ಆ ಜೋಡಿಯು ಒಂದೇ ದೃಶ್ಯದಲ್ಲಿ ಎದುರುಬದುರಾಗುವುದೇ ವಿರಳವಾಯಿತೆಂಬುದನ್ನು ಪ್ರಮಾಣ ಹೇಳುವವರು ಮರೆತುಬಿಡುವುದುಂಟು. ಕಣ್ಣೆದುರಿಗೆ ಇಲ್ಲದ ಸಮಾಗಮವನ್ನು ಸಮಾಗಮದ ದೋಷವೆಂದು ಎಣಿಸುವುದು ನ್ಯಾಯವಲ್ಲ.

ಪ್ರಕೃತ ಲೇಖನವು ಈ ಪ್ರಶ್ನೆಯನ್ನು ‘ದಿ ಎಕ್ಸ್-ಫೈಲ್ಸ್’ ಎಂಬ ಧಾರಾವಾಹಿಯನ್ನು ಹಿಡಿದು ಪರ್ಯಾಲೋಚಿಸುತ್ತದೆ. ಕ್ರಿಸ್ ಕಾರ್ಟರ್ ನಿರ್ಮಿಸಿದ ಈ ಕೃತಿಯು 1993ರ ಸೆಪ್ಟೆಂಬರ್ 10ರಂದು ಫಾಕ್ಸ್ ವಾಹಿನಿಯಲ್ಲಿ ಮೊದಲಾಗಿ, 2002ರ ಮೇ ತಿಂಗಳವರೆಗೆ ಒಂಬತ್ತು ಸೀಸನ್‌ಗಳನ್ನು ಪೂರೈಸಿ, 1998 ಮತ್ತು 2008ರಲ್ಲಿ ಚಲನಚಿತ್ರವಾಗಿಯೂ ಕಾಣಿಸಿಕೊಂಡು, 2016 ಮತ್ತು 2018ರಲ್ಲಿ ಪುನರುಜ್ಜೀವಿತವಾಗಿ, ಒಟ್ಟು 218 ಕಂತುಗಳಲ್ಲಿ ಮುಗಿಯಿತು. ಅಮೆರಿಕದ ಎಫ್‌ಬಿಐ ಸಂಸ್ಥೆಯ ನೆಲಮಾಳಿಗೆಯಲ್ಲಿ ಕುಳಿತು, ಬಗೆಹರಿಯದ ವಿಚಿತ್ರ ಪ್ರಕರಣಗಳ ಕಡತಗಳನ್ನು ಶೋಧಿಸುವ ಫಾಕ್ಸ್ ಮಲ್ಡರ್ ಅನ್ಯಗ್ರಹಜೀವಿಗಳನ್ನು ನಂಬುವವನು. ಆತನ ಕೆಲಸವನ್ನು ವೈಜ್ಞಾನಿಕವಾಗಿ ಪರೀಕ್ಷಿಸಿ ವರದಿ ಮಾಡಬೇಕೆಂದು ಮೇಲಧಿಕಾರಿಗಳು ನಿಯೋಜಿಸಿದ ವೈದ್ಯೆ ಡೇನಾ ಸ್ಕಲ್ಲಿ ಸಂಶಯಿಸುವವಳು. ಡೇವಿಡ್ ಡುಕೊವ್ನಿ, ಗಿಲಿಯನ್ ಆಂಡರ್ಸನ್ ಈ ಪಾತ್ರಗಳನ್ನು ಧರಿಸಿದ್ದರು. ಇವರಿಬ್ಬರ ನಡುವೆ ಪ್ರಣಯವಿರದೆಂಬುದು ಕಾರ್ಟರ್‌ನ ಆರಂಭದ ಸಂಕಲ್ಪ.

ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ರಸವಿಚಾರವನ್ನು ಅರಿತ ಕನ್ನಡ ಓದುಗನಿಗೆ, ಸಂಕಲ್ಪವನ್ನು ಮೀರಿ ಶೃಂಗಾರವು ಅಂಕುರಿಸುವ ಬಗೆಯನ್ನು ಗುರುತಿಸುವುದು ಕಷ್ಟವಾಗದು. ರಸವು ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ನಿಷ್ಪನ್ನವಾಗುವುದೇ ಹೊರತು ಅದರ ಹೆಸರನ್ನು ಹೇಳುವುದರಿಂದಲ್ಲ. ಹೆಸರಿಟ್ಟು ಹೇಳುವುದನ್ನು ಆಲಂಕಾರಿಕರು ದೋಷವೆಂದೇ ಗಣಿಸಿದ್ದಾರೆ. ಹೆಸರಿಡಬಾರದೆಂದು ನಿರ್ಮಾಪಕನೇ ಪಣತೊಟ್ಟ ಈ ಕೃತಿಯಲ್ಲಿ ಆ ದೋಷಕ್ಕೆ ಏಳು ವರ್ಷ ಎಡೆಯೇ ಇರಲಿಲ್ಲ. ಮೊಟ್ಟಮೊದಲ ಕಂತಿನಲ್ಲಿಯೇ, ಆರೆಗಾನ್ ರಾಜ್ಯದ ಊರೊಂದರ ವಸತಿಗೃಹದಲ್ಲಿ ಮಳೆಗೆ ದೀಪವಾರಿದ ರಾತ್ರಿ, ತನ್ನ ಬೆನ್ನಿನ ಕೆಳಭಾಗದಲ್ಲಿ ಗುರುತುಗಳನ್ನು ಕೈಯಿಂದ ತಡವಿ ಕಂಡ ಸ್ಕಲ್ಲಿ, ಈ ಪ್ರಕರಣದ ಇತರರ ಮೈಮೇಲೆ ಕಂಡ ಗುರುತುಗಳೇ ಇವೆಂದು ಭಯಗೊಂಡು, ಮೇಲುಡುಪನ್ನು ಸುತ್ತಿಕೊಂಡು ಮಲ್ಡರನ ಕೋಣೆಗೆ ಧಾವಿಸುವಳು. ಆತನು ಮೇಣದ ಬತ್ತಿಯನ್ನು ಹತ್ತಿರಕ್ಕೆ ಹಿಡಿದು ನೋಡಿ, ಸೊಳ್ಳೆ ಕಚ್ಚಿದ ಗುರುತೆಂದು ಹೇಳುವನು. ಆಕೆ ಸಮಾಧಾನದಿಂದ ಆತನನ್ನು ತಬ್ಬಿಕೊಳ್ಳುವಳು. ಬಳಿಕ ಆ ಕತ್ತಲಿನಲ್ಲಿ ಆತನು ಬಾಲ್ಯದಲ್ಲಿ ಕಣ್ಮರೆಯಾದ ತಂಗಿಯ ವೃತ್ತಾಂತವನ್ನು ಹೇಳುತ್ತಾನೆ. ಕಾಮದ ಸೋಂಕಿಲ್ಲದಿರುವುದೇ ಆ ದೃಶ್ಯದ ಬಲ. ಗಮನಿಸಬೇಕಾದದ್ದು ಇನ್ನೊಂದಿದೆ: ಅಲ್ಲಿ ಭಯಪಟ್ಟವಳು ಸಂಶಯವಾದಿ, ಸೊಳ್ಳೆಯೆಂಬ ಸಾಮಾನ್ಯ ಕಾರಣವನ್ನು ಹೇಳಿದವನು ವಿಶ್ವಾಸವಾದಿ. ಒಬ್ಬರ ಪಕ್ಷದ ಸತ್ತ್ವವನ್ನು ಮತ್ತೊಬ್ಬರು ಎತ್ತಿಕೊಂಡು ಕಾಯುವ ಈ ಪರಸ್ಪರತೆಯು ಮುಂದೆ ಸಮಗ್ರ ಸಂಬಂಧಕ್ಕೆ ಉಸಿರಾಯಿತು.

ನನ್ನ ಪ್ರತಿಪಾದನೆಯಿದು: ಮಲ್ಡರನಿಗೆ ಸ್ಕಲ್ಲಿಯೂ ಸ್ಕಲ್ಲಿಗೆ ಮಲ್ಡರನೂ ಆಲಂಬನವಾದರೆ, ಅವರ ರತಿಗೆ ಉದ್ದೀಪನವಾದುದು ಚಂದ್ರೋದಯವಲ್ಲ, ಉಪವನವಲ್ಲ, ಅವರಿಬ್ಬರ ವಾದ. ಶವಪರೀಕ್ಷೆಯ ಮೇಜಿನ ಆಚೆ ಈಚೆ ನಿಂತು ಆತನು ಊಹೆಯನ್ನು ಮುಂದಿಡುವುದು, ಆಕೆ ಧ್ವನಿಮುದ್ರಣಯಂತ್ರಕ್ಕೆ ಅಂಗಾಂಗಗಳ ತೂಕವನ್ನು ಹೇಳುತ್ತಲೇ ಹುಬ್ಬೇರಿಸಿ ಅದನ್ನು ತಳ್ಳಿಹಾಕುವುದು, ಅನಂತರ ಆ ಊಹೆಯ ಸಲುವಾಗಿಯೇ ಪ್ರಾಣವನ್ನು ಒಡ್ಡಿಕೊಂಡು ಹೊರಡುವುದು — ಇಂಥ ನೂರಾರು ದೃಶ್ಯಗಳಲ್ಲಿ ಅಭಿಮಾನಿಯು ಪ್ರೇಮವನ್ನು ಓದಿದನು, ಸರಿಯಾಗಿಯೇ ಓದಿದನು. ಮತಭೇದವನ್ನು ಬಿಟ್ಟುಕೊಡದೆ ಗೌರವವನ್ನೂ ಬಿಟ್ಟುಕೊಡದ ಇಬ್ಬರನ್ನು ದೂರದರ್ಶನವು ಅದಕ್ಕೆ ಮೊದಲು ಅಷ್ಟು ಸಾವಧಾನವಾಗಿ ಚಿತ್ರಿಸಿದುದು ಅಪರೂಪ.

ಈ ಭಾವವು ಶಿಖರವನ್ನು ಮುಟ್ಟಿದುದು 1997ರ ಆರಂಭದಲ್ಲಿ. ಅಮೆರಿಕದ ಫುಟ್‌ಬಾಲ್ ಮಹಾಪಂದ್ಯವಾದ ಸೂಪರ್ ಬೌಲ್ ಮುಗಿದೊಡನೆ ಪ್ರಸಾರವಾದ ‘ಲೆನಾರ್ಡ್ ಬೆಟ್ಸ್’ ಕಂತನ್ನು ಸುಮಾರು 2 ಕೋಟಿ 90 ಲಕ್ಷ ಮಂದಿ ನೋಡಿದರು. ಧಾರಾವಾಹಿಯ ಚರಿತ್ರೆಯಲ್ಲಿ ಅದೇ ಪರಮಾವಧಿ. ಅರ್ಬುದದ ಗಡ್ಡೆಗಳನ್ನು ತಿಂದು ಬದುಕುವ ವಿಚಿತ್ರಜೀವಿಯೊಬ್ಬನು ಸ್ಕಲ್ಲಿಯನ್ನು ನೋಡಿ, ತನಗೆ ಬೇಕಾದ ವಸ್ತು ನಿನ್ನಲ್ಲಿದೆಯೆಂದು ಕನಿಕರದಿಂದಲೇ ಹೇಳುತ್ತಾನೆ. ಕೊನೆಯಲ್ಲಿ ನಡುರಾತ್ರಿ ಕೆಮ್ಮಿ ಎದ್ದ ಆಕೆ ದಿಂಬಿನ ಮೇಲೆ ತನ್ನ ರಕ್ತದ ಹನಿಗಳನ್ನು ಕಾಣುವಳು. ಸಂಗೀತವೂ ಸಂಭಾಷಣೆಯೂ ಹೆಚ್ಚು ಬೇಕಾಗಿಲ್ಲ, ಪ್ರೇಕ್ಷಕನಿಗೆ ಅರ್ಥವಾಗುತ್ತದೆ. ಎರಡು ವಾರದ ಬಳಿಕ ಬಂದ ‘ಮೆಮೆಂಟೊ ಮೋರಿ’ಯಲ್ಲಿ, ಆಸ್ಪತ್ರೆಯ ನಡುಹಾದಿಯಲ್ಲಿ ಆಕೆ ರೋಗದೊಡನೆಯೇ ಕೆಲಸವನ್ನು ಮುಂದುವರಿಸುವೆನೆಂದು ಹೇಳಿದಾಗ ಮಲ್ಡರನು ಆಕೆಯನ್ನು ಅಪ್ಪಿ ಹಣೆಗೆ ಮುತ್ತಿಡುವನು; ಆಕೆಯ ಅಂಡಗಳನ್ನು ಕದ್ದಿಟ್ಟ ಸೀಸೆಯು ತನ್ನ ಕಿಸೆಯಲ್ಲಿದೆಯೆಂಬುದನ್ನು ಮಾತ್ರ ಬಾಯಿಬಿಡನು. ಪ್ರೀತಿಯೂ ಗೋಪನವೂ ಒಂದೇ ಆಲಿಂಗನದಲ್ಲಿ ಬೆರೆತ ಆ ಗಳಿಗೆಯ ತೀವ್ರತೆಯನ್ನು ಮುಂದಿನ ಯಾವ ಚುಂಬನವೂ ಸರಿಗಟ್ಟಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ವರ್ಷದ ಎಮ್ಮಿ ಪ್ರಶಸ್ತಿಯು ಆಂಡರ್ಸನ್‌ಗೆ ಸಂದಿತು.

ಅಷ್ಟರಲ್ಲಿ ಅಭಿಮಾನಿಗಳು ಎರಡು ಪಕ್ಷವಾಗಿದ್ದರು. ಇಬ್ಬರೂ ಒಂದಾಗಬೇಕೆಂದು ಬಯಸಿದವರು ಶಿಪ್ಪರ್‌ಗಳೆಂದೂ, ಪ್ರಣಯವೇ ಬೇಡವೆಂದವರು ನೊರೋಮೊಗಳೆಂದೂ ತಮ್ಮನ್ನು ಕರೆದುಕೊಂಡರು. 1998ರ ಚಲನಚಿತ್ರದಲ್ಲಿ, ಕೆಲಸಕ್ಕೆ ರಾಜೀನಾಮೆಯಿತ್ತು ಹೊರಟ ಸ್ಕಲ್ಲಿಯನ್ನು ಮನೆಯ ಹೊರಗಣ ನಡುಹಾದಿಯಲ್ಲಿ ತಡೆದು ಮಲ್ಡರನು ಆಡುವ ಮಾತು ಈ ಎರಡು ಪಕ್ಷಗಳಿಗೂ ಉತ್ತರವಾಗಿತ್ತು: ನಿನ್ನ ಕಟ್ಟುನಿಟ್ಟಾದ ವಿಜ್ಞಾನವೇ ನನ್ನನ್ನು ಪ್ರಾಮಾಣಿಕನನ್ನಾಗಿ ಉಳಿಸಿತು, ಪೂರ್ಣನನ್ನಾಗಿ ಮಾಡಿತು ಎಂಬ ತಾತ್ಪರ್ಯ. ಪ್ರೇಮನಿವೇದನೆಯು ಪ್ರತಿವಾದಿಯ ಪ್ರತಿವಾದಕ್ಕೆ ಸಲ್ಲಿಸಿದ ಸ್ತುತಿಯಾಗಿದೆ. ತುಟಿಗಳು ಸಮೀಪಿಸುವಾಗ ಜೇನುನೊಣ ಕಚ್ಚಿ ಆಕೆ ಕುಸಿದುದಕ್ಕೆ ಎಷ್ಟೋ ಮಂದಿ ಕೋಪಗೊಂಡರು. ಹೇಳಬೇಕಾದುದೆಲ್ಲ ಆಗಲೇ ಹೇಳಿಯಾಗಿತ್ತು.

ಹಾಗಾದರೆ ಸಮಾಗಮವು ರಸವನ್ನು ಕೆಡಿಸಿತೆ? 1999ರ ನವೆಂಬರ್‌ನಲ್ಲಿ ಬಂದ ‘ಮಿಲೆನಿಯಮ್’ ಕಂತಿನಲ್ಲಿ, ಆಸ್ಪತ್ರೆಯ ದೂರದರ್ಶನದಲ್ಲಿ ಹೊಸ ವರ್ಷದ ಸಂಭ್ರಮ ಕಾಣುತ್ತಿರಲು ಅವರು ಚುಂಬಿಸಿದರು. 2000ದ ಏಪ್ರಿಲ್‌ನಲ್ಲಿ ಆಂಡರ್ಸನ್ ತಾನೇ ಬರೆದು ನಿರ್ದೇಶಿಸಿದ ‘ಆಲ್ ಥಿಂಗ್ಸ್’ ಕಂತು, ಸ್ಕಲ್ಲಿ ಕನ್ನಡಿಯೆದುರು ಉಡುಪು ತೊಡುತ್ತಿರುವಂತೆಯೂ ಹಿಂದೆ ಮಲ್ಡರನು ಮಲಗಿರುವಂತೆಯೂ ತೆರೆಯಿತು. ಇವುಗಳಿಂದ ಕೃತಿಗೆ ಹಾನಿಯಾಗಲಿಲ್ಲ. ಹಾನಿಯ ಬೀಜ ಬೇರೆಡೆಯಲ್ಲಿತ್ತು. ಆ ವರ್ಷದ ಫೆಬ್ರುವರಿಯಲ್ಲಿಯೇ ತಂಗಿಯ ವೃತ್ತಾಂತವು ‘ಕ್ಲೋಷರ್’ ಕಂತಿನಲ್ಲಿ ಮುಕ್ತಾಯಗೊಂಡು, ಮಲ್ಡರನ ಅನ್ವೇಷಣೆಗೆ ಮೂಲಕಾರಣವೇ ಇಲ್ಲವಾಯಿತು. ಮೇ ತಿಂಗಳಲ್ಲಿ ಆತನು ಅಪಹೃತನಾದನು. ಡುಕೊವ್ನಿ ಎಂಟನೆಯ ಸೀಸನ್ನಿನ ಅರ್ಧದಷ್ಟು ಕಂತುಗಳಲ್ಲಿ ಮಾತ್ರ ಕಾಣಿಸಿಕೊಂಡು, ಒಂಬತ್ತನೆಯದರಲ್ಲಿ ಬಹುಮಟ್ಟಿಗೆ ಇಲ್ಲದೆಹೋದನು. ರಾಬರ್ಟ್ ಪ್ಯಾಟ್ರಿಕ್ ನಟಿಸಿದ ಡಾಗೆಟ್ ಹೊಸ ಸಂಶಯವಾದಿಯಾಗಿ ಬಂದುದರಿಂದ ಸ್ಕಲ್ಲಿ ವಿಶ್ವಾಸವಾದಿಯ ಸ್ಥಾನಕ್ಕೆ ಸರಿದಳು. ವಾದವು ನಿಂತಿತು. ಪ್ರವಾಸವಿಪ್ರಲಂಭವು ನಮ್ಮ ಕಾವ್ಯಗಳಿಗೆ ಹೊಸದಲ್ಲ. ಆದರೆ ಮೇಘದೂತದ ಯಕ್ಷನನ್ನು ಅಗಲಿಸಿದುದು ಕಥೆಯೊಳಗಣ ಶಾಪ, ಇಲ್ಲಿ ಅಗಲಿಸಿದುದು ನಟನ ಕರಾರು. ಕಾರಣವು ಕಥೆಯ ಹೊರಗಿದೆಯೆಂದು ಬಲ್ಲ ಪ್ರೇಕ್ಷಕನು ವಿರಹವನ್ನು ಆಸ್ವಾದಿಸುವುದೆಂತು? 2001ರ ಮೇ ತಿಂಗಳಲ್ಲಿ ಸ್ಕಲ್ಲಿ ಹೆತ್ತ ಹಸುಗೂಸನ್ನು ನಡುವೆ ಹಿಡಿದು ಅವರಿಬ್ಬರೂ ಚುಂಬಿಸಿದಾಗ, ಎಂಟು ವರ್ಷ ಕಾದವರಲ್ಲಿ ಅನೇಕರಿಗೆ ಆನಂದಕ್ಕಿಂತ ಆಯಾಸವೇ ಅಧಿಕವಾಗಿ ತೋರಿತು. ಆ ಮಗುವನ್ನು ಮರುವರ್ಷ ದತ್ತು ಕೊಡಿಸಿದುದಂತೂ ಲೇಖಕರು ತಮಗೆ ಭಾರವಾದುದನ್ನು ಇಳಿಸಿಕೊಂಡಂತಿತ್ತು.

ಈ ನಿರ್ಣಯಕ್ಕೆ ವಿಲೋಮಪ್ರಮಾಣವೂ ದೊರೆಯುತ್ತದೆ. 2016ರಲ್ಲಿ ಡೇರಿನ್ ಮಾರ್ಗನ್ ಬರೆದು ನಿರ್ದೇಶಿಸಿದ, ಮನುಷ್ಯನಾಗಿ ಮಾರ್ಪಡುವ ಹಲ್ಲಿಯಂಥ ಪ್ರಾಣಿಯ ಕಂತಿನಲ್ಲಿ ಚುಂಬನವಿಲ್ಲ, ನಿವೇದನೆಯಿಲ್ಲ, ಅವರಿಬ್ಬರೂ ಬೇರೆ ಬೇರೆಯಾಗಿ ಬಾಳುತ್ತಿದ್ದಾರೆ. ಆದರೂ ನಂಬಿಕೆ ಕಳೆದುಕೊಂಡು ಕುಗ್ಗಿದ ಮಲ್ಡರನು ಮತ್ತೆ ಅಸಂಭವವಾದ ಊಹೆಯೊಂದನ್ನು ಒಂದೇ ಉಸಿರಿನಲ್ಲಿ ಹೇಳತೊಡಗಿದಾಗ, ಸ್ಕಲ್ಲಿಯ ಮುಖದಲ್ಲಿ ಮೂಡುವ ಮಂದಹಾಸವನ್ನು ಕಂಡ ಹಳೆಯ ಅಭಿಮಾನಿಗೆ ಇಪ್ಪತ್ತು ವರ್ಷದ ಹಿಂದಿನ ಪ್ರೀತಿಯೆಲ್ಲ ಮರಳಿ ಬಂದಿತು. ವಾದವು ಮರಳಿತು, ಅದರೊಡನೆ ರಸವೂ ಮರಳಿತು.

2018ರ ಜನವರಿಯಲ್ಲಿ ಬಂದ ‘ಮೈ ಸ್ಟ್ರಗಲ್ 3’ ಕಂತಿನ ಅಪರಾಧವು ಭಿನ್ನಜಾತಿಯದು. ಸ್ಕಲ್ಲಿಯ ಮಗನು ಮಲ್ಡರನಿಂದ ಹುಟ್ಟಿದವನಲ್ಲ, ಸದಾ ಸಿಗರೇಟು ಸೇದುವ, ಧಾರಾವಾಹಿಯ ಪ್ರತಿನಾಯಕನು ಆಕೆಗೆ ಪ್ರಜ್ಞೆಯಿಲ್ಲದಿದ್ದಾಗ ವಿಜ್ಞಾನದ ಮೂಲಕ ಸೃಷ್ಟಿಸಿದವನು ಎಂದು ಕಾರ್ಟರ್ ಅಲ್ಲಿ ಹೇಳಿಸಿದನು. ಅನೌಚಿತ್ಯಕ್ಕಿಂತ ಬೇರೆಯಾದ ರಸಭಂಗಕಾರಣವಿಲ್ಲವೆಂಬ ಆನಂದವರ್ಧನನ ತೀರ್ಮಾನಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ಬೇಕಿಲ್ಲ. ಸಂಬಂಧದ ಆಧಾರವೇ ಆಕೆಯ ವಿವೇಕಕ್ಕೆ ಸಲ್ಲುತ್ತಿದ್ದ ಗೌರವವಾಗಿರುವಾಗ, ಆಕೆಯ ಅರಿವಿಗೆ ತಾರದೆ ಆಕೆಯ ದೇಹವನ್ನು ಕಥೆಯ ಸಲಕರಣೆಯನ್ನಾಗಿ ಮಾಡುವುದು ಆ ಗೌರವವನ್ನೇ ಅಳಿಸುತ್ತದೆ. ಧಾರಾವಾಹಿಯ ಕಾಲವು ಹಿಂದಕ್ಕೂ ಹರಿಯುವುದರಿಂದ ಗಾಯವು ಹಿಂದಿನ ಕಂತುಗಳಿಗೂ ತಗಲಿತು: ಆ ಪ್ರತಿನಾಯಕನ ಪಾತ್ರಧಾರಿ ವಿಲಿಯಂ ಬಿ. ಡೇವಿಸ್ 2000ದಲ್ಲಿ ಬರೆದ, ಆ ಪ್ರಜ್ಞಾಹೀನತೆಯ ಪ್ರಸಂಗವಿರುವ ‘ಎನ್ ಅಮಿ’ ಕಂತನ್ನು ಇನ್ನು ಮುಂದೆ ಆ ಅರ್ಥವಿಲ್ಲದೆ ನೋಡುವುದು ದುಸ್ಸಾಧ್ಯ. ಮಾರ್ಚ್ 21ರ ಅಂತಿಮ ಕಂತಿನಲ್ಲಿ ಸ್ಕಲ್ಲಿಯು ಆ ಮಗನು ತಮ್ಮ ಮಗನಲ್ಲವೆಂದು ಹೇಳಿ, ತಾನು ಮತ್ತೆ ಗರ್ಭಿಣಿಯೆಂದು ತಿಳಿಸುವಳು. ಹದಿನಾರು ವರ್ಷ ಆತನಿಗಾಗಿ ಶೋಕಿಸಿದವಳ ಬಾಯಿಂದ ಅಂಥ ಮಾತನ್ನು ನಂಬಲು ಅಭಿಮಾನಿಗೆ ಕಾರಣವೊಂದೂ ಸಿಕ್ಕುವುದಿಲ್ಲ, ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಬಾರದೆಂದು ಆತನಿಗೆ ಕಲಿಸಿದವಳೂ ಆಕೆಯೇ.