ವ್ಯಾಧಿಯ ವಾರ್ತೆ ಮತ್ತು ಸಮಚಿತ್ತ: ಶಾಸನ ಹಾಗೂ ಶ್ರಾವಕಾಚಾರಗಳ ಬೆಳಕಿನಲ್ಲಿ

ಜನನ, ಜರೆ, ಮರಣಗಳ ಜೊತೆಗೆ ವ್ಯಾಧಿಯನ್ನೂ ಸೇರಿಸಿ ಎಣಿಸುವುದು ನಮ್ಮ ಪೂರ್ವಾಚಾರ್ಯರ ಪದ್ಧತಿ. ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಕೇಳಿದ ಈ ಮಾತು ನಮ್ಮ ಮನೆಯವರೊಬ್ಬರ ಹೆಸರಿನೊಡನೆ ಸೇರಿ ಬಂದ ದಿನ ಮಾತ್ರ ಬೇರೆಯಾಗಿಯೇ ಕೇಳಿಸುತ್ತದೆ. ಅನಿತ್ಯಭಾವನೆಯನ್ನು ಕಂಠಪಾಠ ಮಾಡಿದವರೂ ಆ ದಿನ ತತ್ತರಿಸುತ್ತಾರೆ. ಇದು ಶ್ರದ್ಧೆಯ ಕೊರತೆಯಲ್ಲ, ದೇಹಧಾರಿಯಾದ ಜೀವದ ಸ್ವಭಾವ. ಹೀಗೆ ತತ್ತರಿಸಿದ ಮನಸ್ಸನ್ನು ಮತ್ತೆ ನೆಲೆಗೊಳಿಸಿಕೊಳ್ಳಲು ಕನ್ನಡ ನಾಡಿನ ಜೈನ ಪರಂಪರೆ ಯಾವ ಕ್ರಮವನ್ನು ತೋರಿದೆ, ಆ ಕ್ರಮ ಇಂದಿನ ರೋಗಿಗೂ ಮನೆಯವರಿಗೂ ಎಷ್ಟರಮಟ್ಟಿಗೆ ಒದಗೀತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಉಡುಪಿ ಜಿಲ್ಲೆಯ ಸಾಸ್ತಾನವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ರಾಷ್ಟ್ರೀಯ ಹೆದ್ದಾರಿ ೬೬ರ ಮೇಲಿರುವ ಈ ಊರಿನಿಂದ ಕೆಲವೇ ಮೈಲಿಗಳ ದೂರದಲ್ಲಿ, ಆಳುಪರ ರಾಜಧಾನಿಯಾಗಿದ್ದ ಬಾರಕೂರು ತನ್ನ ಕತ್ತಲೆ ಬಸದಿಯೊಡನೆ ನಿಂತಿದೆ. ದಕ್ಷಿಣಕ್ಕೆ ಹೋದರೆ ೧೯೫೩ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಗೊಂಡ ಮಣಿಪಾಲವಿದೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಪರೀಕ್ಷೆ ಮಾಡಿಸಿಕೊಂಡು ಸಂಜೆಗೆ ಮರಳಬಹುದಾದಷ್ಟು ಹತ್ತಿರ. ಅಂತಹ ಒಂದು ಸಂಜೆ, ಯಕೃತ್ತಿನಲ್ಲಿ ಅರ್ಬುದವಿದೆ, ಅರ್ಥಾತ್ ಲಿವರ್ ಕ್ಯಾನ್ಸರ್ ಇದೆ ಎಂಬ ವರದಿಯನ್ನು ಹಿಡಿದು ಒಂದು ಸಂಸಾರ ಮನೆಗೆ ಮರಳುತ್ತದೆಂದು ಭಾವಿಸೋಣ. ಯಕೃತ್ತಿನ ಒಳಭಾಗಕ್ಕೆ ನೋವನ್ನು ತಿಳಿಸುವ ನರಗಳಿಲ್ಲ. ಅದನ್ನು ಸುತ್ತಿದ ಪೊರೆಗೆ ಮಾತ್ರ ಆ ಶಕ್ತಿಯಿದೆ. ಆದಕಾರಣ ಈ ವ್ಯಾಧಿ ಬಹುಕಾಲ ಸದ್ದಿಲ್ಲದೆ ಬೆಳೆಯುತ್ತದೆ. ನಿನ್ನೆಯವರೆಗೆ ತೋಟಕ್ಕೆ ನೀರು ಬಿಟ್ಟವರಿಗೆ ಇಂದು ಈ ಮಾತು ಬಂದರೆ, ಅದನ್ನು ನಂಬಲು ಮನಸ್ಸು ಒಪ್ಪದಿರುವುದು ಸಹಜವೇ ಆಗಿದೆ.

ಈ ಸನ್ನಿವೇಶಕ್ಕೆ ಸಮೀಪವಾದ ಒಂದು ಪ್ರಸಂಗ ಘಟ್ಟದ ಮೇಲಿನ ಶಾಸನವೊಂದರಲ್ಲಿ ದೊರೆಯುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಬಂದಳಿಕೆ ಹಿಂದೆ ಬಂದನಿಕೆ ಎಂಬ ಹೆಸರಿನ ಜೈನತೀರ್ಥವಾಗಿತ್ತು. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ, ಆ ಅಧಿಕಾರ ಅವನ ಪತ್ನಿ ಜಕ್ಕಿಯಬ್ಬೆಗೆ ಬಂದಿತು. ಆಕೆ ಆಡಳಿತದಲ್ಲಿ ನಿಪುಣೆ, ಜಿನಶಾಸನದಲ್ಲಿ ನಿಷ್ಠೆಯುಳ್ಳವಳು, ಪರಾಕ್ರಮಿ ಎಂದು ಶಾಸನ ಕೊಂಡಾಡುತ್ತದೆ. ಕೆಲವು ವರ್ಷಗಳ ತರುವಾಯ ಆಕೆಯ ದೇಹವನ್ನು ರೋಗ ಹೊಕ್ಕಿತು. ಆಕೆ ಮಗಳನ್ನು ಕರೆಸಿದಳು, ತನ್ನದಾಗಿದ್ದುದನ್ನು ಒಪ್ಪಿಸಿದಳು, ಆಸೆಯ ಬಂಧವನ್ನು ಕಳಚಿಕೊಂಡು ಬಂದನಿಕೆಯ ತೀರ್ಥಕ್ಕೆ ಬಂದು ವ್ರತಸ್ಥಳಾಗಿ ದೇಹವನ್ನು ಬಿಟ್ಟಳು. ಇದು ಶಕ ೮೪೦, ಅಂದರೆ ಕ್ರಿ.ಶ. ೯೧೮ರ ಸಂಗತಿ.

ಇಲ್ಲಿ ಗಮನಿಸಬೇಕಾದುದು ಘಟನೆಗಳ ಅನುಕ್ರಮ. ಮೊದಲು ರೋಗದ ಅರಿವು, ಬಳಿಕ ವಿವೇಚನೆ, ಬಳಿಕ ಮಗಳ ಭೇಟಿ, ಬಳಿಕ ಹೊಣೆಯ ಹಸ್ತಾಂತರ, ಎಲ್ಲಕ್ಕೂ ಕೊನೆಗೆ ವ್ರತ. ತನ್ನ ಸ್ಥಿತಿ ಆಕೆಗೆ ತಿಳಿದಿದ್ದುದರಿಂದಲೇ ಇದೆಲ್ಲ ಸಾಧ್ಯವಾಯಿತು. ಇನ್ನೊಂದು ಮಾತನ್ನೂ ಮರೆಯಲಾಗದು. ಶಾಸನದಲ್ಲಿ ಉಳಿಯುವುದು ನಿರ್ಣಯ. ನಿರ್ಣಯಕ್ಕೆ ಮುಂಚಿನ ಅಳು ಕಲ್ಲಿಗೆ ಏರುವುದಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಾಲುಗಟ್ಟಿರುವ ನಿಸಿಧಿ ಶಾಸನಗಳನ್ನು ಓದಿದವರಿಗೆ ಆ ಹಿರಿಯರಾರೂ ಹೆದರಲೇ ಇಲ್ಲವೇನೋ ಎಂಬ ಭಾವನೆ ಬಂದೀತು. ತಮ್ಮ ಭಯವನ್ನು ಅವರ ಧೈರ್ಯದೊಡನೆ ಹೋಲಿಸಿ ನಾಚುವ ರೋಗಿಗಳೂ ಇದ್ದಾರು. ಶಾಸ್ತ್ರಗಳನ್ನು ನೋಡಿದರೆ ಈ ನಾಚಿಕೆಗೆ ಕಾರಣವಿಲ್ಲವೆಂದು ಮನವರಿಕೆಯಾಗುತ್ತದೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನೆಯನ್ನು ಹೇಳುವಾಗ ಆಹಾರತ್ಯಾಗವನ್ನು ಮೊದಲಿಗೆ ಇಡುವುದಿಲ್ಲ. ಸ್ನೇಹ, ವೈರ, ಪರಿಗ್ರಹಗಳನ್ನು ಬಿಡುವುದು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ ತಾನೂ ಕ್ಷಮೆ ಬೇಡುವುದು, ಮಾಡಿದ ಪಾಪವನ್ನು ಕಪಟವಿಲ್ಲದೆ ಆಲೋಚಿಸುವುದು ಮೊದಲು. ಅನಂತರ ಶೋಕ, ಭಯ, ವಿಷಾದ, ಮನಸ್ಸಿನ ಕಲುಷತೆ, ಯಾವುದರಲ್ಲೂ ರುಚಿಯಿಲ್ಲದಿರುವುದು ಇವುಗಳನ್ನು ಒಂದೊಂದಾಗಿ ಹೆಸರಿಸಿ, ಅವನ್ನು ತೊರೆದು ಶ್ರುತಾಮೃತದಿಂದ ಮನಸ್ಸನ್ನು ಪ್ರಸನ್ನಗೊಳಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಬಿಡಬೇಕಾದುದನ್ನು ಹೆಸರಿಸಿದ್ದಾರೆಂದರೆ ಅದು ಇದ್ದೇ ಇರುತ್ತದೆಂದು ಆಚಾರ್ಯರಿಗೆ ತಿಳಿದಿತ್ತೆಂದೇ ಅರ್ಥ. ಮರಣಾಸನ್ನರೊಡನೆ ಮಾತನಾಡಿದ ವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ೧೯೬೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಸ್ವೀಕಾರ ಎಂಬ ಐದು ಅವಸ್ಥೆಗಳನ್ನು ಹೇಳಿದರು. ಎಲ್ಲರೂ ಇವನ್ನು ಮೆಟ್ಟಿಲುಗಳಂತೆ ಒಂದಾದ ಮೇಲೊಂದು ಏರುವುದಿಲ್ಲವೆಂಬುದನ್ನು ಆಮೇಲಿನ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಹೆಸರುಗಳು ಬೇರೆಯಾದರೂ ನಮ್ಮ ಆಚಾರ್ಯರೂ ಆ ವೈದ್ಯೆಯೂ ನೋಡಿದ್ದು ಒಂದೇ ಮನಸ್ಸನ್ನು.

ತತ್ತ್ವಾರ್ಥಸೂತ್ರವು ಆರ್ತಧ್ಯಾನವನ್ನು ನಾಲ್ಕು ಬಗೆಯೆಂದು ಹೇಳುತ್ತದೆ: ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ವೇದನೆ, ನಿದಾನ. ರೋಗದ ವಾರ್ತೆ ಬಂದ ಮನೆಯಲ್ಲಿ ಮೊದಲ ಮೂರೂ ಒಮ್ಮೆಗೇ ಕಾಣಿಸಿಕೊಳ್ಳುತ್ತವೆ. ಆರ್ತಧ್ಯಾನವು ಅವಿರತರಿಗೆ ಮಾತ್ರವಲ್ಲ, ಅಣುವ್ರತಧಾರಿ ಶ್ರಾವಕರಿಗೂ, ಪ್ರಮತ್ತಸಂಯತರಾದ ಮುನಿಗಳಿಗೂ ಸಂಭವಿಸುತ್ತದೆಂದು ಅದೇ ಸೂತ್ರಗ್ರಂಥ ಒಪ್ಪುತ್ತದೆ. ಮುನಿಗಳಿಗೇ ಬರಬಹುದಾದ ಕಳವಳ ಗೃಹಸ್ಥನಿಗೆ ಬಂದರೆ ಅದರಲ್ಲಿ ಅಪರಾಧವೇನಿದೆ? ಕಣ್ಣೀರು ಬರುವುದು ಬೇರೆ, ಅದರಲ್ಲಿಯೇ ವಾಸಮಾಡುವುದು ಬೇರೆ. ಶಾಸ್ತ್ರದ ಎಚ್ಚರಿಕೆ ಎರಡನೆಯದರ ವಿಷಯದಲ್ಲಿ.

ಇನ್ನು ಅತ್ಯಂತ ಜಾಗರೂಕತೆಯಿಂದ ತಿಳಿಯಬೇಕಾದ ಒಂದು ಅಂಶವಿದೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದಂಥವಾದಾಗ ಮಾತ್ರ ಸಲ್ಲೇಖನೆಯ ಪ್ರಸಕ್ತಿ ಬರುತ್ತದೆಂಬುದು ಶ್ರಾವಕಾಚಾರದ ನಿಲುವು. ನಿಷ್ಪ್ರತೀಕಾರ ಎಂಬ ಆ ಒಂದು ವಿಶೇಷಣದ ಮೇಲೆ ಎಲ್ಲವೂ ನಿಂತಿದೆ. ಸಮಂತಭದ್ರರ ಜೀವನದ ಬಗ್ಗೆ ಪ್ರಚಲಿತವಿರುವ ಕಥೆಯೇ ಇದಕ್ಕೆ ಭಾಷ್ಯದಂತಿದೆ. ಎಷ್ಟು ಉಂಡರೂ ಸುಟ್ಟುಹೋಗುವ ಭಸ್ಮಕವೆಂಬ ವ್ಯಾಧಿ ತಗುಲಿದಾಗ ಅವರು ಸಲ್ಲೇಖನೆಗೆ ಅನುಮತಿ ಬೇಡಿದರು; ಗುರುಗಳು ಕೊಡಲಿಲ್ಲ. ನಿನ್ನಿಂದ ಆಗಬೇಕಾದ ಧರ್ಮಕಾರ್ಯ ಬಹಳವಿದೆ, ಮುನಿವೇಷವನ್ನು ಬಿಟ್ಟಾದರೂ ರೋಗವನ್ನು ಶಮನ ಮಾಡಿಕೊ ಎಂದು ಕಳುಹಿಸಿದರು. ಸಮಂತಭದ್ರರು ಭಸ್ಮಕವನ್ನು ಗೆದ್ದ ಸಂಗತಿಯನ್ನು ಶ್ರವಣಬೆಳಗೊಳದ ೧೧೨೯ರ ಮಲ್ಲಿಷೇಣ ಪ್ರಶಸ್ತಿಯೂ ಸ್ಮರಿಸುತ್ತದೆ. ಕಥೆಯಲ್ಲಿ ಐತಿಹ್ಯದ ಅಂಶ ಎಷ್ಟೇ ಇರಲಿ, ಪರಂಪರೆ ಅದನ್ನು ಕಾಪಾಡಿಕೊಂಡು ಬಂದ ಆಶಯ ಸ್ಪಷ್ಟವಾಗಿದೆ: ಮೊದಲ ಆಘಾತದಲ್ಲಿ ಸಾವನ್ನು ಬಯಸುವುದು ಧರ್ಮವಲ್ಲ. ಬದುಕಿಗೆ ಅಂಟಿಕೊಳ್ಳುವ ಆಸೆಯಂತೆ ಮರಣದ ಆಸೆಯನ್ನೂ ಸಲ್ಲೇಖನೆಯ ಅತಿಚಾರಗಳಲ್ಲಿ ಎಣಿಸಲಾಗಿದೆ.

ಔಷಧವನ್ನು ನಮ್ಮ ಪರಂಪರೆ ಎಂದೂ ಕೀಳಾಗಿ ಕಂಡಿಲ್ಲ. ಚತುರ್ವಿಧ ದಾನಗಳಲ್ಲಿ ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧಕ್ಕೂ ಸ್ಥಾನವಿದೆ. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ ಮುಂತಾದ ವೈದ್ಯಗ್ರಂಥಗಳು ಜೈನರ ಕೊಡುಗೆಯೇ. ಈ ದೃಷ್ಟಿಯಿಂದ ಇಂದಿನ ಯಕೃತ್ತಿನ ಅರ್ಬುದವನ್ನು ನೋಡಬೇಕು. ವರದಿ ಬಂದಾಕ್ಷಣ ಅದು ನಿಷ್ಪ್ರತೀಕಾರವೆಂದು ತೀರ್ಮಾನಿಸಲು ಯಾರಿಗೂ ಅಧಿಕಾರವಿಲ್ಲ. ಗೆಡ್ಡೆ ಎಷ್ಟು ದೊಡ್ಡದು, ಎಷ್ಟು ಇವೆ, ರಕ್ತನಾಳವನ್ನು ಹೊಕ್ಕಿದೆಯೆ, ಉಳಿದ ಯಕೃತ್ತು ಎಷ್ಟು ಸಶಕ್ತ ಎಂಬುದನ್ನು ನೋಡಿ ವೈದ್ಯರು ಮಾರ್ಗವನ್ನು ನಿರ್ಣಯಿಸುತ್ತಾರೆ. ಕೆಲವರಿಗೆ ಶಸ್ತ್ರಚಿಕಿತ್ಸೆ, ಕೆಲವರಿಗೆ ಯಕೃತ್ತಿನ ಕಸಿ, ಕೆಲವರಿಗೆ ಗೆಡ್ಡೆಯನ್ನು ಶಾಖದಿಂದ ಸುಡುವುದು ಅಥವಾ ಅದರ ರಕ್ತನಾಳಕ್ಕೇ ಔಷಧ ಕೊಡುವುದು ಒದಗುತ್ತದೆ. ಭಾರತದಲ್ಲಿ ಅಂಗಾಂಗ ಕಸಿಯ ಕಾನೂನು ೧೯೯೪ರಲ್ಲಿ ಬಂದಿತು. ಯಕೃತ್ತಿನ ಕಸಿ ೧೯೯೮ರಲ್ಲಿ ಯಶಸ್ವಿಯಾಯಿತು. ೨೦೦೭ರಿಂದೀಚೆಗೆ ಮುಂದುವರಿದ ಹಂತದ ರೋಗಿಗಳಿಗೂ ಆಯುಸ್ಸನ್ನು ಕೊಂಚ ವಿಸ್ತರಿಸುವ ಔಷಧಗಳು ಬಂದಿವೆ. ಗುಣವಾಗದ ಪ್ರಸಂಗಗಳೂ ಬಹಳ ಇವೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ನಿರ್ಣಯ ಪರೀಕ್ಷೆಯ ಕೊನೆಯಲ್ಲಿ ಬರಬೇಕೇ ಹೊರತು ಭಯದ ಮೊದಲಿನಲ್ಲಲ್ಲ.

ರೋಗಕ್ಕಿಂತ ಹೆಚ್ಚಾಗಿ ನೋಯಿಸುವ ಇನ್ನೊಂದಿದೆ. ಅದು ನೆರೆಹೊರೆಯ ಪ್ರಶ್ನೆ. ಯಕೃತ್ತಿನ ಕಾಯಿಲೆಯೆಂದರೆ ಕುಡಿತದ ಫಲವೆಂದು ಜನ ಭಾವಿಸುತ್ತಾರೆ. ಮದ್ಯತ್ಯಾಗವನ್ನು ಮೂಲಗುಣವಾಗಿ ಪಾಲಿಸಿಕೊಂಡು ಬಂದ ಶ್ರಾವಕನಿಗೆ ಇದರಿಂದಾಗುವ ಸಂಕಟ ಅಷ್ಟಿಷ್ಟಲ್ಲ. ವಾಸ್ತವದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಸಕ್ಕರೆ ಕಾಯಿಲೆಯೊಡನೆ ಬರುವ ಯಕೃತ್ತಿನ ಕೊಬ್ಬು, ಬೂಷ್ಟು ಹಿಡಿದ ನೆಲಗಡಲೆ, ಜೋಳಗಳಲ್ಲಿರುವ ವಿಷ ಇವೆಲ್ಲವೂ ಕಾರಣವಾಗಬಲ್ಲವು. ಬಿ ವೈರಾಣು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಬಂದು ದಶಕಗಳ ಕಾಲ ಅಡಗಿರಬಹುದು. ಅದರಲ್ಲಿ ಆ ತಾಯಿಯ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ. ಕೆಲವರು ಇದನ್ನು ಬಿಟ್ಟು ಪೂರ್ವಜನ್ಮದ ಪಾಪವೆನ್ನುತ್ತಾರೆ. ಅಸಾತಾವೇದನೀಯದ ಉದಯವನ್ನು ನಾವು ನಂಬುತ್ತೇವೆ, ನಿಜ. ಆದರೆ ಪರರಿಗೆ ದುಃಖ, ಶೋಕ, ಸಂತಾಪಗಳನ್ನು ಉಂಟುಮಾಡುವುದೇ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಹೀಗಿರುವಾಗ ರೋಗಿಯ ಹಾಸಿಗೆಯ ಬಳಿ ಕುಳಿತು ಅವನ ಕರ್ಮವನ್ನು ಲೆಕ್ಕಹಾಕುವವನು ತನ್ನ ಲೆಕ್ಕಕ್ಕೇ ಅದನ್ನು ಸೇರಿಸಿಕೊಳ್ಳುತ್ತಿದ್ದಾನೆ. ಕರ್ಮಸಿದ್ಧಾಂತವಿರುವುದು ತನ್ನನ್ನು ತಾನು ತಿದ್ದಿಕೊಳ್ಳಲು. ಪರರನ್ನು ಬಡಿಯಲು ಅಲ್ಲ.

ಹೇಳಬೇಕೆ, ಬೇಡವೆ ಎಂಬುದು ಮನೆಯವರ ಮುಂದಿರುವ ಕಠಿನ ಪ್ರಶ್ನೆ. ‘ಅಪ್ಪಯ್ಯನಿಗೆ ಹೇಳುವುದು ಬೇಡ’ ಎಂದು ಮಕ್ಕಳು ವೈದ್ಯರ ಕೋಣೆಯ ಹೊರಗೆ ನಿಶ್ಚಯಿಸುವುದು ನಮ್ಮ ಕರಾವಳಿಯಲ್ಲಿ ಅಪರೂಪವಲ್ಲ. ಪರರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯಬಾರದೆಂಬ ಸತ್ಯಾಣುವ್ರತದ ವಿವರಣೆಯನ್ನು ಇದಕ್ಕೆ ಆಧಾರವಾಗಿ ಹೇಳುವುದುಂಟು. ಆದರೆ ಇಲ್ಲಿ ವಿಪತ್ತು ರೋಗದಿಂದ ಬಂದಿದೆ, ಮಾತಿನಿಂದಲ್ಲ. ಮುಚ್ಚಿಟ್ಟರೆ ರೋಗಿಗೆ ಚಿಕಿತ್ಸೆಯನ್ನು ಆರಿಸಿಕೊಳ್ಳುವ ಅವಕಾಶವೂ ತಪ್ಪುತ್ತದೆ, ಕ್ಷಮೆ ಕೇಳುವ, ಕ್ಷಮಿಸುವ, ಜಕ್ಕಿಯಬ್ಬೆಯಂತೆ ಮಗಳನ್ನು ಕರೆಸಿ ಹೊಣೆಯನ್ನು ಒಪ್ಪಿಸುವ ಅವಕಾಶವೂ ತಪ್ಪುತ್ತದೆ. ಅಹಿಂಸೆ ಕೇಳುವುದು ಮೌನವನ್ನಲ್ಲ, ಮೃದುತ್ವವನ್ನು. ರೋಗಿಗೆ ಎಷ್ಟು ತಿಳಿಯುವ ಇಚ್ಛೆಯಿದೆ ಎಂಬುದನ್ನು ಅವನಿಂದಲೇ ಅರಿತು, ಅವನು ಕೇಳಿದಷ್ಟನ್ನು, ಅವನು ತಾಳುವ ವೇಗದಲ್ಲಿ, ಪ್ರೀತಿಯವರೊಬ್ಬರು ಪಕ್ಕದಲ್ಲಿ ಕುಳಿತು ಹೇಳುವುದೇ ಹಿತಮಿತವಚನ.

ಶುಶ್ರೂಷೆಯ ವಿಷಯದಲ್ಲಂತೂ ನಮ್ಮ ಆಚಾರ್ಯರ ದೂರದೃಷ್ಟಿ ಆಶ್ಚರ್ಯವನ್ನುಂಟುಮಾಡುತ್ತದೆ. ಶಿವಾರ್ಯರ ಭಗವತೀ ಆರಾಧನೆಯು ಕ್ಷಪಕನ ಸೇವೆಗೆ ನಲವತ್ತೆಂಟು ನಿರ್ಯಾಪಕರನ್ನು ಹೇಳಿ, ಕೆಲಸಗಳನ್ನು ನಾಲ್ವರು ನಾಲ್ವರಿಗೆ ಹಂಚುತ್ತದೆ. ಎಬ್ಬಿಸಿ ಕೂರಿಸುವವರು, ಧರ್ಮಕಥೆ ಹೇಳುವವರು, ಆಹಾರಪಾನಗಳನ್ನು ನೋಡಿಕೊಳ್ಳುವವರು, ಮಲಮೂತ್ರಗಳನ್ನು ತೆಗೆಯುವವರು, ಬಾಗಿಲು ಕಾಯುವವರು ಬೇರೆ ಬೇರೆ. ಅಷ್ಟು ಜನ ದೊರೆಯದಿದ್ದರೆ ಇಬ್ಬರಾದರೂ ಬೇಕೇ ಬೇಕು. ಒಬ್ಬನೇ ಇದ್ದರೆ ಒಂದೋ ತನ್ನನ್ನು, ಇಲ್ಲವೇ ಕ್ಷಪಕನನ್ನು ಕೈಬಿಡಬೇಕಾಗುತ್ತದೆಂಬುದು ಅದರ ತರ್ಕ. ನಮ್ಮ ಮನೆಗಳಲ್ಲಿ ಈ ನಲವತ್ತೆಂಟು ಜನರ ಕೆಲಸ ಪತ್ನಿಯೊಬ್ಬಳ ಅಥವಾ ಸೊಸೆಯೊಬ್ಬಳ ಹೆಗಲ ಮೇಲೆ ಬೀಳುತ್ತದೆ. ಬಂಧುಗಳು ಹಣ್ಣು ತಂದು ಅರ್ಧ ಗಂಟೆ ಕುಳಿತು ಹೋಗುತ್ತಾರೆ. ಸರದಿಯಂತೆ ಒಂದು ರಾತ್ರಿ ಎಚ್ಚರವಿರುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಬಾಗಿಲು ಕಾಯುವ ನಿರ್ಯಾಪಕನಂತೆ ಅನವಶ್ಯಕ ಮಾತುಗಾರರನ್ನು ಹೊರಗೇ ನಿಲ್ಲಿಸುವುದು ಇವೇ ಇಂದು ನಾವು ಮಾಡಬಹುದಾದ ವೈಯಾವೃತ್ತ್ಯ.

ಆಧುನಿಕ ಲೋಕವೂ ಇದೇ ದಾರಿಗೆ ಬಂದಿದೆ. ಸಿಸಿಲಿ ಸಾಂಡರ್ಸ್ ೧೯೬೭ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಆರೈಕೆಧಾಮ ದೇಹದ ನೋವಿನೊಡನೆ ಮನಸ್ಸಿನ ನೋವಿಗೂ ಶುಶ್ರೂಷೆಯನ್ನು ಒದಗಿಸಿತು. ೧೯೭೩ರಲ್ಲಿ ಕಿದ್ವಾಯಿ ಗ್ರಂಥಿ ಸಂಸ್ಥೆ ಸ್ಥಾಪನೆಗೊಂಡ ಬೆಂಗಳೂರಿನಲ್ಲಿ, ಮುಂದುವರಿದ ಕ್ಯಾನ್ಸರ್ ರೋಗಿಗಳ ಉಚಿತ ಆರೈಕೆಗಾಗಿ ೧೯೯೯ರಲ್ಲಿ ಕರುಣಾಶ್ರಯ ತೆರೆಯಿತು. ಇಂತಹ ಆರೈಕೆ ಕೊನೆಯ ದಿನಗಳಿಗೆ ಮಾತ್ರ ಸೀಮಿತವಲ್ಲ. ಚಿಕಿತ್ಸೆಯ ಜೊತೆಜೊತೆಗೇ ನೋವು, ನಿದ್ರಾಹೀನತೆ, ಭಯಗಳಿಗೆ ಅದು ಒದಗಬಲ್ಲುದು. ಕಾನೂನಿನ ಕ್ಷೇತ್ರದಲ್ಲಿ ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಾಗ, ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗುಣವಾಗದ ಸ್ಥಿತಿಯಲ್ಲಿ ಕೇವಲ ಯಂತ್ರದ ಬಲದಿಂದ ಉಸಿರನ್ನು ಉಳಿಸುವುದು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. ಇವೆಲ್ಲ ಕೊನೆಯ ಘಟ್ಟದ ವಿಚಾರಗಳು. ಹೊಸದಾಗಿ ರೋಗ ತಿಳಿದವರು ಮೊದಲ ದಿನವೇ ಇವನ್ನು ಹೊರಬೇಕಾಗಿಲ್ಲ.

ಮೊದಲ ದಿನಗಳಿಗೆ ಬೇಕಾದುದು ಸಣ್ಣ ಕರ್ತವ್ಯಗಳು. ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವುದು. ಹೋಗುವಾಗ ಸಮಾಧಾನಚಿತ್ತರಾದ ಒಬ್ಬರನ್ನು ಕರೆದೊಯ್ಯುವುದು. ಬಿ ವೈರಾಣು ಕಾರಣವೆಂದಾದರೆ ಮನೆಯವರೆಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಂಡು, ಅಗತ್ಯವಿದ್ದವರು ಲಸಿಕೆ ಪಡೆಯುವುದು. ೧೯೬೫ರಲ್ಲಿ ಬರೂಕ್ ಬ್ಲೂಂಬರ್ಗ್ ಆ ವೈರಾಣುವಿನ ಕುರುಹನ್ನು ವರದಿ ಮಾಡಿದ ಫಲವಾಗಿ ಬಂದ ಲಸಿಕೆಯನ್ನು ಇಂದು ನವಜಾತ ಶಿಶುವಿಗೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಕೊಡಬೇಕೆಂಬ ನಿಯಮವಿದೆ. ತನ್ನ ರೋಗದ ನಿಮಿತ್ತದಿಂದ ಮೊಮ್ಮಕ್ಕಳಿಗೆ ರಕ್ಷಣೆ ದೊರೆಯಿತೆಂಬ ಅರಿವು ರೋಗಿಗೆ ಕೊಡುವ ನೆಮ್ಮದಿ ಸಾಮಾನ್ಯವಲ್ಲ. ಸಂಜೆಗೊಮ್ಮೆ ಸಾಮಾಯಿಕಕ್ಕೆ ಕುಳಿತು, ಇಂದಿನ ನೋವನ್ನು ಇಂದಿಗೆ ಮಾತ್ರ ಸಹಿಸುತ್ತೇನೆಂಬ ಭಾವನೆ ಮಾಡುವುದೂ ಇದಕ್ಕೆ ಸೇರಲಿ.

ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆ ನಮಗೆಲ್ಲ ಪರಿಚಿತ. ರೂಪಕ್ಕೆ ಹೆಸರಾಗಿದ್ದವನು ಮುನಿಯಾಗಿ ಘೋರವ್ಯಾಧಿಗಳನ್ನು ಸಮಭಾವದಿಂದ ತಾಳಿದನು. ಆ ಎತ್ತರ ಎಲ್ಲರಿಗೂ ಎಟುಕುವುದಲ್ಲ, ಎಟುಕಲೇಬೇಕೆಂದು ಯಾರೂ ರೋಗಿಯನ್ನು ಒತ್ತಾಯಿಸಲೂ ಆಗದು. ಗೃಹಸ್ಥನಿಗೆ ಸಾಕಾಗುವುದು ಇಷ್ಟು: ಉಪಾಯವಿದೆಯೆ ಎಂದು ಆತುರಪಡದೆ ವಿಚಾರಿಸುವುದು, ಇದ್ದರೆ ಧೈರ್ಯದಿಂದ ಕೈಗೊಳ್ಳುವುದು, ಮನಸ್ಸಿನ ಗಂಟುಗಳನ್ನು ಕಾಲವಿರುವಾಗಲೇ ಸಡಿಲಿಸಿಕೊಳ್ಳುವುದು, ಒಂಟಿಯಾಗಿರದಿರುವುದು. ಉಳಿದವರಿಗೆ ಇರುವ ಧರ್ಮ ಅದಕ್ಕಿಂತಲೂ ಸರಳ. ಸಾಸ್ತಾನದಲ್ಲಾಗಲಿ, ಬಾರಕೂರಿನಲ್ಲಾಗಲಿ, ಅಂತಹ ವಾರ್ತೆ ಬಂದ ಮನೆಯ ಬಾಗಿಲಿಗೆ ಹೋದಾಗ ಕಾರಣವನ್ನು ಕೇಳದೆ, ಯಾವ ಸರದಿ ನಮಗಿರಲಿ ಎಂದು ಕೇಳೋಣ.