ರೂಪದಿಂದ ಅಕ್ಷರಕ್ಕೆ: ಗಣಕ ಫಾಂಟ್‌ಗಳ ಚರಿತ್ರೆ

ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಪ್ರತಿಯೊಂದು ಅಳತೆಯ ಅಕ್ಷರಕ್ಕೂ ಪ್ರತ್ಯೇಕ ಎರಕ ಬೇಕಾಗಿತ್ತು. ಗಣಕಯಂತ್ರವು ಮುದ್ರಣಕ್ಕೆ ಕಾಲಿಟ್ಟ ಆರಂಭದಲ್ಲಿಯೂ ಈ ಬಂಧನ ಪೂರ್ತಿ ಕಳಚಲಿಲ್ಲ. ಅಕ್ಷರವನ್ನು ಚುಕ್ಕಿಗಳ ಜಾಲವಾಗಿ ಸಂಗ್ರಹಿಸುತ್ತಿದ್ದುದರಿಂದ 12 ಪಾಯಿಂಟಿನ ಅಕ್ಷರವನ್ನು 24ಕ್ಕೆ ಹಿಗ್ಗಿಸಿದರೆ ಅದರ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತಿತ್ತು.

ಅಕ್ಷರವನ್ನು ಚುಕ್ಕಿಗಳಲ್ಲಿ ತುಂಬಿಡದೆ ಗಣಿತದ ರೇಖೆಗಳಲ್ಲಿ ವಿವರಿಸುವುದೇ ಇದಕ್ಕೆ ದೊರೆತ ಪರಿಹಾರ. 1977ರಲ್ಲಿ ತಮ್ಮ ಗ್ರಂಥದ ಕರಡಚ್ಚನ್ನು ಕಂಡು ಅತೃಪ್ತರಾದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಟೆಕ್ ಮತ್ತು ಮೆಟಾಫಾಂಟ್‌ಗಳ ರಚನೆಗೆ ತೊಡಗಿದರು. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ 1982ರಲ್ಲಿ ಸ್ಥಾಪಿಸಿದ ಅಡೋಬಿ ಸಂಸ್ಥೆಯು ಪೋಸ್ಟ್‌ಸ್ಕ್ರಿಪ್ಟ್ ಭಾಷೆಯನ್ನೂ ಟೈಪ್ 1 ಫಾಂಟ್‌ಗಳನ್ನೂ ರೂಪಿಸಿತು. ಇವುಗಳಲ್ಲಿ ಅಕ್ಷರದ ಹೊರರೇಖೆಯು ಬೆಜಿಯೆ ವಕ್ರರೇಖೆಗಳಿಂದ ನಿರ್ಮಿತವಾದುದು. ಒಂದೇ ವಿವರಣೆಯಿಂದ ಯಾವ ಅಳತೆಯ ಅಕ್ಷರವನ್ನಾದರೂ ಪಡೆಯಬಹುದಾಯಿತು.

ಆದರೆ ಸಣ್ಣ ಅಳತೆಯಲ್ಲಿ ಗೆರೆಗಳು ವಿಕಾರಗೊಳ್ಳದಂತೆ ಕಾಯುವ ಸೂಚನೆಗಳ ಮರ್ಮವನ್ನು ಅಡೋಬಿ ಗುಟ್ಟಾಗಿಟ್ಟಿತ್ತು. ಈ ಏಕಸ್ವಾಮ್ಯಕ್ಕೆ ಎದುರಾಗಿ ಆಪಲ್ ಮತ್ತು ಮೈಕ್ರೋಸಾಫ್ಟ್ 1989ರಲ್ಲಿ ಕೈಜೋಡಿಸಿದವು. ಒತ್ತಡಕ್ಕೆ ಮಣಿದ ಅಡೋಬಿ 1990ರಲ್ಲಿ ತನ್ನ ವಿನ್ಯಾಸವನ್ನು ಬಹಿರಂಗಗೊಳಿಸಿತು. ಆಪಲ್ ರೂಪಿಸಿದ ಟ್ರೂಟೈಪ್ 1991ರಲ್ಲಿ ಮ್ಯಾಕಿಂಟಾಷ್‌ನಲ್ಲಿ, 1992ರಲ್ಲಿ ವಿಂಡೋಸ್ 3.1ರಲ್ಲಿ ಬಳಕೆಗೆ ಬಂದಿತು.

ಇಷ್ಟಾದರೂ ಕನ್ನಡದ ತೊಡಕು ಉಳಿಯಿತು. ಅಕ್ಷರವನ್ನು ಹಿಗ್ಗಿಸುವ ಪ್ರಶ್ನೆ ಬಗೆಹರಿದಿತ್ತೇ ಹೊರತು ಅದನ್ನು ಗುರುತಿಸುವ ಪ್ರಶ್ನೆಯಲ್ಲ. ರೋಮನ್ ಲಿಪಿಗಾಗಿ ರೂಪುಗೊಂಡ 256 ಮನೆಗಳೊಳಗೆ ಕನ್ನಡದ ಗುಣಿತವನ್ನೂ ಒತ್ತಕ್ಷರಗಳನ್ನೂ ಅಡಗಿಸಲು ಅಕ್ಷರಗಳನ್ನು ತುಂಡು ತುಂಡಾಗಿಸಬೇಕಾಯಿತು. ‘ವರ್ಣ’ ಎಂಬ ಪದವನ್ನೇ ನೋಡಬಹುದು. ಉಚ್ಚಾರಣೆಯಲ್ಲಿ ರೇಫವು ಣಕಾರಕ್ಕಿಂತ ಮೊದಲು. ಬರೆಹದಲ್ಲಿ ಅರ್ಕಾವೊತ್ತು ಅದರ ನಂತರ. ಹಳೆಯ ಫಾಂಟ್‌ಗಳು ಕಣ್ಣಿಗೆ ಕಾಣುವ ಕ್ರಮವನ್ನೇ ಅನುಸರಿಸಿದವು. ಫಾಂಟ್ ಬದಲಾದರೆ ಪಠ್ಯ ಅರ್ಥಹೀನ ಚಿಹ್ನೆಗಳ ರಾಶಿಯಾಗುತ್ತಿತ್ತು. ಹುಡುಕಾಟಕ್ಕೂ ಅಕಾರಾದಿ ಜೋಡಣೆಗೂ ಅದು ಒದಗುತ್ತಿರಲಿಲ್ಲ.

1991ರ ಯೂನಿಕೋಡ್ ಕನ್ನಡದ ಪ್ರತಿ ವರ್ಣಕ್ಕೂ ಸ್ವಂತ ಸಂಖ್ಯೆಯನ್ನಿತ್ತಿತು. ಮೈಕ್ರೋಸಾಫ್ಟ್ ಮತ್ತು ಅಡೋಬಿ 1996ರಲ್ಲಿ ಜೊತೆಯಾಗಿ ಪ್ರಕಟಿಸಿದ ಓಪನ್‌ಟೈಪ್, ಆ ವರ್ಣಗಳು ಕೂಡಿದಾಗ ಯಾವ ರೂಪ ತಾಳಬೇಕೆಂಬ ನಿಯಮಗಳನ್ನು ಫಾಂಟಿನೊಳಗೇ ಅಡಕಗೊಳಿಸಲು ಅನುವು ಮಾಡಿತು. ಈಗ ‘ವರ್ಣ’ವು ವ, ರ, ಹಲಂತ, ಣ ಎಂಬ ಕ್ರಮದಲ್ಲಿ ಸಂಗ್ರಹಗೊಳ್ಳುತ್ತದೆ, ಅರ್ಕಾವೊತ್ತನ್ನು ಅದರ ಸ್ಥಾನದಲ್ಲಿರಿಸುವುದು ಫಾಂಟ್ ಮತ್ತು ಅದನ್ನು ಬಳಸುವ ತಂತ್ರಾಂಶದ ಹೊಣೆ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ‘ತುಂಗಾ’ ಈ ಬಗೆಯ ಕನ್ನಡ ಫಾಂಟ್.

ಸಂಶೋಧಕರಿಗೆ ಈ ಚರಿತ್ರೆ ಕೇವಲ ಯಂತ್ರದ ಕಥೆಯಲ್ಲ. 2023ರಲ್ಲಿ ಅಡೋಬಿ ತನ್ನ ತಂತ್ರಾಂಶಗಳಲ್ಲಿ ಟೈಪ್ 1ರ ಬೆಂಬಲವನ್ನು ನಿಲ್ಲಿಸಿತು. ಒಂದು ಕಾಲದಲ್ಲಿ ಗುಟ್ಟಾಗಿ ಕಾಯ್ದುಕೊಂಡ ವಿದ್ಯೆಯೂ ಹೀಗೆ ತೆರೆಮರೆಗೆ ಸರಿಯಿತು. ಫಾಂಟ್‌ಗಳಿಗೆ ಆಯುಷ್ಯವಿದೆ. ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕನ್ನಡ ಕೃತಿಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ತಿದ್ದುವ ಕೆಲಸವು ಓಲೆಗರಿಯ ಪ್ರತಿಯೆತ್ತುವಷ್ಟೇ ಎಚ್ಚರವನ್ನು ಬೇಡುವ ಗ್ರಂಥಸಂಪಾದನೆಯೇ ಆಗಿದೆ.